ಪಿನ್ ಕೂತರೆ ಸಾಲದು: ಹೊರದೇಶದ ಗೇಮ್ ಕನ್ಸೋಲ್, ನಮ್ಮ ಕರೆಂಟ್, ನಮ್ಮ ಟೀವಿ

ಅಕ್ಕನ ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಹುತ್ತರಿಗೆ ವಿರಾಜಪೇಟೆಗೆ ಬಂದವನು ನನಗೊಂದು ಸೂಪರ್ ಫ್ಯಾಮಿಕಾಮ್ ತಂದುಕೊಟ್ಟ. ನಿಂಟೆಂಡೊ ಕಂಪನಿ 1990ರಲ್ಲಿ ಜಪಾನಿನಲ್ಲಿ ಬಿಟ್ಟ ಕನ್ಸೋಲ್, ಅಂದರೆ ಟೀವಿಗೆ ಸಿಕ್ಕಿಸಿ ಆಡುವ ಗೇಮ್ ಮೆಷಿನ್ ಅದು. ಜೊತೆಗೆ ಅದರದ್ದೇ ಅಡಾಪ್ಟರ್, ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಭಾರ. ಎರಡು ಚಪ್ಪಟೆ ಪಿನ್. ನಮ್ಮ ಗೋಡೆಯ ಸಾಕೆಟ್ಟಿಗೆ ಕೂರುವುದಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ಪಿನ್ ಬದಲಿಸುವ ಚಿಕ್ಕ ಪ್ಲಗ್ ಸಿಕ್ಕಿತು. "ಇದು ಹಾಕಿದ್ರೆ ಎಲ್ಲಾ ದೇಶದ್ದೂ ನಡೀತದೆ" ಅಂದರು. ತಂದು ಸಿಕ್ಕಿಸಿದೆ, ಚೆನ್ನಾಗಿ ಕೂತಿತು. ಸ್ವಿಚ್ ಹಾಕಿದೆ. ಅಡಾಪ್ಟರ್ ಗುಂಯ್ ಅಂತ ಸದ್ದು ಮಾಡಿತು, ಅರ್ಧ ನಿಮಿಷದಲ್ಲಿ ಸುಟ್ಟ ವಾರ್ನಿಶ್ ವಾಸನೆ, ಆಮೇಲೆ ಏನೂ ಇಲ್ಲ.

ಕನ್ಸೋಲ್ ಉಳಿಯಿತು, ಯಾಕೆಂದರೆ ಅದಕ್ಕೆ ಇನ್ನೂ ತಂತಿ ಸಿಕ್ಕಿಸಿರಲಿಲ್ಲ. ಅವತ್ತು ರಾತ್ರಿ ತುಂಬಾ ಬೇಜಾರಾಯಿತು. ಹುಡುಗ ಅಷ್ಟು ದೂರದಿಂದ ಹೊತ್ತು ತಂದಿದ್ದ. ಆಮೇಲೆ ಕೂತು ಒಂದೊಂದೇ ಕಲಿತೆ. ಕಲಿತಷ್ಟೂ ಒಂದೇ ವಿಷಯ ಮತ್ತೆ ಮತ್ತೆ ಎದುರಾಯಿತು: ಈ ಸಾಮಾನುಗಳಲ್ಲಿ ಒಂದು ಇನ್ನೊಂದರೊಳಗೆ ಕೂರುವುದೇ ಬೇರೆ, ಎರಡೂ ಹೊಂದುವುದೇ ಬೇರೆ. ಪ್ಲಗ್ ಕೂರುತ್ತದೆ, ವೋಲ್ಟ್ ಹೊಂದುವುದಿಲ್ಲ. ಹಳದಿ ತಂತಿ ಟೀವಿಗೆ ಕೂರುತ್ತದೆ, ಬಣ್ಣ ಹೊಂದುವುದಿಲ್ಲ. ಫೋನ್ ಚಾರ್ಜರ್ ಕೂಡ ಕೂರುತ್ತದೆ, ಆದರೂ ಚಿತ್ರ ಬರುವುದಿಲ್ಲ. ಈಗ ಕೊಡಗಿನ ಎಷ್ಟೋ ಮನೆಯ ಮಕ್ಕಳು ಹೊರದೇಶದಲ್ಲಿದ್ದಾರೆ, ಬರುವಾಗ ಇಂಥದ್ದೇನಾದರೂ ಹಿಡಿದುಕೊಂಡು ಬರುತ್ತಾರೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಕರೆಂಟ್. ನಮ್ಮ ಗೋಡೆಯಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಅಲೆ. ಜಪಾನಿನಲ್ಲಿ 100 ವೋಲ್ಟ್. ಅಮೆರಿಕದಲ್ಲಿ 120. ಯುರೋಪಿನಲ್ಲಿ ನಮ್ಮ ಹಾಗೇ 230. ಪಿನ್ ಬದಲಿಸುವ ಪ್ಲಗ್ ಬರೀ ಪಿನ್ನಿನ ಆಕಾರ ಬದಲಿಸುತ್ತದೆ, ಒಳಗೆ ಎರಡು ತಗಡು ಬಿಟ್ಟರೆ ಏನೂ ಇಲ್ಲ. 230 ಹಾಗೇ ದಾಟಿ ಹೋಗುತ್ತದೆ.

ಹಳೆಯ ಭಾರದ ಅಡಾಪ್ಟರ್ ಅಂದರೆ ಒಳಗೆ ಕಬ್ಬಿಣದ ತಿರುಳು, ಅದರ ಸುತ್ತ ತಾಮ್ರದ ಸುರುಳಿ. ಎಷ್ಟು ವೋಲ್ಟಿಗೆ ಎಷ್ಟು ಸುತ್ತು ಅಂತ ಲೆಕ್ಕ ಹಾಕಿ ಸುತ್ತಿರುತ್ತಾರೆ. ನೂರು ವೋಲ್ಟಿನ ಸುರುಳಿಗೆ 230 ಕೊಟ್ಟರೆ ಕಬ್ಬಿಣ ಅಷ್ಟನ್ನು ತಡೆಯುವುದಿಲ್ಲ, ತಂತಿಯಲ್ಲಿ ವಿಪರೀತ ಕರೆಂಟ್ ಹರಿದು ಕಾದು ಒಳಗಿನ ಫ್ಯೂಸ್ ಹೋಗುತ್ತದೆ. ನನ್ನದು ಹೋಗಿದ್ದು ಹಾಗೆ. ಅಡಾಪ್ಟರ್ ಹೊರಗಿದ್ದರೆ ಹೋಗುವುದು ಅಡಾಪ್ಟರ್ ಒಂದೇ ಇರಬಹುದು, ಅದೃಷ್ಟ ಇದ್ದರೆ. ಆದರೆ ಮೊದಲ ಪ್ಲೇಸ್ಟೇಷನ್, ದಪ್ಪ ಪ್ಲೇಸ್ಟೇಷನ್ 2 ಇಂಥವುಗಳಲ್ಲಿ ಪವರ್ ಸಪ್ಲೈ ಕನ್ಸೋಲಿನ ಹೊಟ್ಟೆಯಲ್ಲೇ ಇದೆ. ಅಲ್ಲಿ ಬರುವ ಕರೆಂಟನ್ನು ಮೊದಲು ನೇರ ಮಾಡಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬುತ್ತಾರೆ. 230 ವೋಲ್ಟಿನ ಅಲೆಯ ತುದಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. 100 ವೋಲ್ಟಿನ ಅಲೆಯ ತುದಿ 141. ಜಪಾನಿನ ಮಾದರಿಯಲ್ಲಿ ಆ 141ಕ್ಕೆ ತಕ್ಕ ಹಾಗೆ ಹಾಕಿದ ಕೆಪಾಸಿಟರಿಗೆ 325 ಬಂದರೆ ಅದು ಒಡೆಯುತ್ತದೆ. ಸದ್ದು, ಹೊಗೆ, ಬೋರ್ಡಿನ ಮೇಲೆಲ್ಲ ರಸ.

ಹಾಗಾಗಿ ಸ್ವಿಚ್ ಹಾಕುವ ಮುಂಚೆ ಲೇಬಲ್ ಓದಿ. ಜಪಾನಿ ಅಕ್ಷರ ಇದ್ದರೂ ಅಂಕಿಗಳು ನಮಗೆ ಗೊತ್ತಿರುವವೇ. ಎರಡು ಸಾಲು ಇರುತ್ತವೆ. ಮೊದಲನೆಯದು ಗೋಡೆಯಿಂದ ಏನು ಬೇಕು ಅನ್ನುವುದು, ಎರಡನೆಯದು ಕನ್ಸೋಲಿಗೆ ಏನು ಕೊಡುತ್ತದೆ ಅನ್ನುವುದು. ಮೊದಲ ಸಾಲಿನಲ್ಲಿ 100-240 ಅಂತ ಇದ್ದರೆ ಪಿನ್ ಬದಲಿಸಿ ಧೈರ್ಯವಾಗಿ ಹಾಕಿ. ನಿಂಟೆಂಡೊ ಸ್ವಿಚ್ ಜೊತೆ ಬರುವ ಅಡಾಪ್ಟರ್ ಹಾಗಿದೆ, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಯದ್ದೂ ಹಾಗೇ. ಬರೀ 100 ಅಥವಾ 120 ಅಂತ ಇದ್ದರೆ ನೇರ ಹಾಕಲೇಬೇಡಿ. ಯಾರು ಏನೇ ಹೇಳಲಿ, ನಿಮ್ಮ ಕೈಯಲ್ಲಿರುವ ತುಂಡಿನ ಮೇಲೆ ಬರೆದಿದ್ದೇ ಕೊನೆಯ ಮಾತು. ಒಂದೇ ಹೆಸರಿನ ಕನ್ಸೋಲಿನಲ್ಲಿ ವರ್ಷ ಬದಲಾದರೆ ಒಳಗಿನದ್ದೂ ಬದಲಾಗಿರುತ್ತದೆ.

ನೇರ ಹಾಕುವ ಹಾಗಿಲ್ಲ ಅಂದರೆ ಎರಡು ದಾರಿ. ನನಗೆ ಇಷ್ಟವಾದ್ದು ಅಡಾಪ್ಟರನ್ನೇ ಬದಲಿಸುವುದು. ಕನ್ಸೋಲಿಗೆ ಗೋಡೆಯಲ್ಲಿ ಎಷ್ಟು ವೋಲ್ಟ್ ಅನ್ನುವುದು ಬೇಕಾಗಿಲ್ಲ, ಅದಕ್ಕೆ ಬೇಕಾದ್ದು ಎರಡನೇ ಸಾಲು ಮಾತ್ರ. ನಿಂಟೆಂಡೊದ ವೀ ಕನ್ಸೋಲನ್ನು ನೋಡಿ. ಜಪಾನಿನ ಅಡಾಪ್ಟರ್ ಕೊಡುವುದೂ 12 ವೋಲ್ಟ್ 3.7 ಆಂಪಿಯರ್, ಯುರೋಪಿನದ್ದು ಕೊಡುವುದೂ ಅಷ್ಟೇ, ತುದಿಯ ಆಕಾರವೂ ಒಂದೇ. ಯುರೋಪಿನ ಅಡಾಪ್ಟರ್ ನಮ್ಮ ಗೋಡೆಗೆ ಹೊಂದುತ್ತದೆ. ಅದನ್ನು ತರಿಸಿದರೆ ಕೆಲಸ ಮುಗಿಯಿತು. ನಿಂಟೆಂಡೊ 64ರ ಹಿಂದೆ ಸಿಕ್ಕಿಸುವ ಡಬ್ಬಿಯೂ ಹೀಗೇ, ಯುರೋಪಿನದ್ದು ಜಪಾನಿನ ಮೆಷಿನ್ನಿಗೆ ನಡೆಯುತ್ತದೆ.

ಸೂಪರ್ ಫ್ಯಾಮಿಕಾಮ್, ಅದಕ್ಕಿಂತ ಮುಂಚಿನ ಫ್ಯಾಮಿಕಾಮ್ ಎರಡಕ್ಕೂ ಒಂದೇ ಅಡಾಪ್ಟರ್, 10 ವೋಲ್ಟ್ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್), 850 ಮಿಲಿ ಆಂಪಿಯರ್. ತುದಿ ನಮ್ಮ ರೂಟರ್, ಸಿಸಿಟಿವಿ ಅಡಾಪ್ಟರುಗಳ ತರಹದ ದುಂಡು ಪಿನ್ನೇ. ಕೂರುತ್ತದೆ. ಇಲ್ಲೇ ಜನ ಎಡವುವುದು. ರೂಟರಿನ ಅಡಾಪ್ಟರಿನಲ್ಲಿ ನಡುವಿನ ರಂಧ್ರ ಪಾಸಿಟಿವ್, ಹೊರಗಿನ ಸುತ್ತು ನೆಗೆಟಿವ್. ಈ ಕನ್ಸೋಲುಗಳಲ್ಲಿ ಅದು ಉಲ್ಟಾ, ನಡುವೆ ನೆಗೆಟಿವ್. ಸೇಗಾದ ಮೊದಲ ಮೆಗಾ ಡ್ರೈವ್ ಕೂಡ ಹಾಗೇ. ಲೇಬಲ್ಲಿನಲ್ಲಿ ಒಂದು ಚಿಕ್ಕ ಚಿತ್ರ ಇರುತ್ತದೆ, ನಡುವೆ ಚುಕ್ಕಿ, ಸುತ್ತ ಅರ್ಧಚಂದ್ರ, ಆ ಕಡೆ ಈ ಕಡೆ ಪ್ಲಸ್ ಮೈನಸ್. ಚುಕ್ಕಿಗೆ ಯಾವ ಗುರುತು ಸೇರಿದೆ ಅಂತ ನೋಡಿಕೊಳ್ಳಿ.

ಹಾಗಾದರೆ ನಡುವೆ ನೆಗೆಟಿವ್ ಇರುವ ಅಡಾಪ್ಟರ್ ಎಲ್ಲಿ ಸಿಗುತ್ತದೆ? ಸಂಗೀತದ ಅಂಗಡಿಯಲ್ಲಿ. ಗಿಟಾರ್ ನುಡಿಸುವವರು ಕಾಲಲ್ಲಿ ಒತ್ತುವ ಪೆಡಲ್ ಇರುತ್ತದಲ್ಲ, ಅದಕ್ಕೆ 9 ವೋಲ್ಟ್, ನಡುವೆ ನೆಗೆಟಿವ್, ಅದೇ ಅಳತೆಯ ತುದಿ. ಒಂದು ಆಂಪಿಯರ್ ಅಥವಾ ಅದಕ್ಕಿಂತ ಜಾಸ್ತಿ ಕೊಡುವಂಥದ್ದು ಕೇಳಿ ತನ್ನಿ, ನೂರು ಮಿಲಿ ಆಂಪಿಯರಿನದ್ದು ಸಾಲುವುದಿಲ್ಲ. 10ರ ಬದಲು 9 ಕೊಟ್ಟರೆ ತೊಂದರೆ ಇಲ್ಲ. ಕನ್ಸೋಲಿನೊಳಗೆ ಒಂದು ರೆಗ್ಯುಲೇಟರ್ ಇದೆ, ಅದು ಬಂದದ್ದನ್ನೆಲ್ಲ 5 ವೋಲ್ಟಿಗೆ ಇಳಿಸಿ ಉಳಿದದ್ದನ್ನು ಬಿಸಿಯಾಗಿ ಬಿಡುತ್ತದೆ. 9 ಕೊಟ್ಟರೆ ಅದಕ್ಕೆ ಬಿಸಿ ಕಮ್ಮಿ, ಅಷ್ಟೇ. ನಾನು ಕೊನೆಗೆ ಮೈಸೂರಿನಿಂದ ತಂದದ್ದು ಇದನ್ನೇ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಫ್ಯಾಮಿಕಾಮಿನ ಅಮೆರಿಕದ ರೂಪವಾದ ಎನ್‌ಇಎಸ್ ಕನ್ಸೋಲಿನ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ, ಗೋಡೆಯ ಕರೆಂಟಿನ ಹಾಗೆ ದಿಕ್ಕು ಬದಲಿಸುತ್ತಿರುವುದು. ಅದನ್ನು ಫ್ಯಾಮಿಕಾಮಿಗೆ ಹಾಕಿದರೆ ಫ್ಯಾಮಿಕಾಮ್ ಹೋಗುತ್ತದೆ, ಎಸಿಯನ್ನು ಡಿಸಿ ಮಾಡುವ ಭಾಗ ಅದರೊಳಗೆ ಇಲ್ಲ.

ಸಪ್ಲೈ ಹೊಟ್ಟೆಯೊಳಗಿರುವ ಕನ್ಸೋಲಿಗೆ ಎರಡನೇ ದಾರಿ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 230ರಿಂದ 110ಕ್ಕೆ ಇಳಿಸುವಂಥದ್ದು. ಅಮೆರಿಕದ ಕನ್ಸೋಲಿಗೆ ಅದು ಸರಿ. ಜಪಾನಿನದಕ್ಕೆ ನನಗೆ ಸಮಾಧಾನ ಇಲ್ಲ, ಯಾಕೆಂದರೆ ಟ್ರಾನ್ಸ್‌ಫಾರ್ಮರ್ ಬಂದದ್ದರ ಅನುಪಾತದಲ್ಲಿ ಇಳಿಸುತ್ತದೆಯೇ ಹೊರತು ಒಂದು ಗೊತ್ತಾದ ಮಟ್ಟದಲ್ಲಿ ನಿಲ್ಲಿಸುವುದಿಲ್ಲ. ರಾತ್ರಿ ಹತ್ತರ ಮೇಲೆ ಊರಲ್ಲಿ ಬಳಕೆ ಇಳಿದು ಗೋಡೆಯಲ್ಲಿ 250 ಬಂತು ಅಂತಿಟ್ಟುಕೊಳ್ಳಿ, ಆ ಕಡೆ ಸುಮಾರು 120 ಬರುತ್ತದೆ, ನೂರಕ್ಕೆ ಮಾಡಿದ ಮೆಷಿನ್ನಿಗೆ ಅದು ಶೇಕಡ 20 ಜಾಸ್ತಿ. 100 ವೋಲ್ಟಿನದ್ದೇ ಹುಡುಕಿ. ತೋಟದ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವವರಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವುದು ಗೊತ್ತಿರುವವರು ಇರುತ್ತಾರೆ, ಕೇಳಿ ನೋಡಬಹುದು. ಎರಡು ಸುರುಳಿ ಬೇರೆ ಬೇರೆ ಇರುವಂಥದ್ದೇ ಬೇಕು ಅನ್ನಿ. ಒಂದೇ ಸುರುಳಿಯ ನಡುವಿನಿಂದ ತಂತಿ ಎಳೆದ ಅಗ್ಗದ ಜಾತಿಯೂ ಇದೆ. ಅದರಲ್ಲಿ ಕೆಳಗಿನ ಭಾಗದ ತಂತಿ ಕಡಿದರೆ ಪೂರ್ತಿ 230 ಕನ್ಸೋಲಿಗೆ ಹೋಗುತ್ತದೆ.

ಕನ್ಸೋಲಿನ ಲೇಬಲ್ಲಿನಲ್ಲಿ ಎಷ್ಟು ವ್ಯಾಟ್ ಇದೆಯೋ ಅದರ ಒಂದೂವರೆ ಪಟ್ಟಾದರೂ ತಡೆಯುವ ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಹೇರ್ ಡ್ರೈಯರ್, ಇಸ್ತ್ರಿ ಪೆಟ್ಟಿಗೆಗೆ ಅಂತ ಮಾರುವ, 1600 ವ್ಯಾಟ್ ಅಂತ ಬರೆದ ಹಗುರ ಕನ್ವರ್ಟರ್ ಬೇಡ. ಅದು ಅಲೆಯನ್ನು ತುಂಡು ತುಂಡು ಮಾಡಿ ಕೊಡುತ್ತದೆ. ಬಿಸಿಯಾಗುವ ತಂತಿಗೆ ಅದು ಸಾಕು, ಎಲೆಕ್ಟ್ರಾನಿಕ್ಸಿಗೆ ಆಗುವುದಿಲ್ಲ.

ನಮ್ಮ ಜಿಲ್ಲೆಯದ್ದೇ ಕೆಲವು ಮಾತು ಇಲ್ಲಿ ಹೇಳಬೇಕು. ತೋಟದ ಮನೆ ಲೈನಿನ ತುದಿಯಲ್ಲಿದ್ದರೆ ಪಂಪ್ ಓಡುವಾಗ ವೋಲ್ಟ್ ಇಳಿಯುತ್ತದೆ, ನಿಂತಾಗ ಏರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಹೋದ ಕರೆಂಟ್ ವಾಪಸ್ ಬರುವಾಗ ಎರಡು ಮೂರು ಸಲ ಬಂದು ಹೋಗಿ ಆಮೇಲೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಪ್ಲಗ್ ಕಿತ್ತಿಟ್ಟಿರಬೇಕು. ಗೋಡೆ, ಸ್ಟೆಬಿಲೈಸರ್, ಟ್ರಾನ್ಸ್‌ಫಾರ್ಮರ್, ಕನ್ಸೋಲ್, ಇದೇ ಸಾಲು ಸರಿ. ಮನೆಯ ಯುಪಿಎಸ್ ಹಳೆಯ ಚೌಕ ಅಲೆಯ ಜಾತಿಯದ್ದಾದರೆ ಅದರ ಮೇಲೆ ಸ್ಟೆಪ್ ಡೌನ್ ಓಡಿಸಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಕಾಯುತ್ತದೆ. ಸೈನ್ ವೇವ್ ಅಂತ ಬರೆದದ್ದಾದರೆ ನಡೆಯುತ್ತದೆ. ಇನ್ನು ಮಾರ್ಚ್-ಏಪ್ರಿಲಿನ ಹೂಮಳೆ. ಕಾಫಿಗೆ ಅದು ಬೇಕೇ ಬೇಕು, ಆದರೆ ಜೊತೆಗೆ ಸಿಡಿಲು ತರುತ್ತದೆ. ಮೋಡ ಕಟ್ಟಿದ ಕೂಡಲೇ ಕನ್ಸೋಲಿನ ಪ್ಲಗ್ ಮಾತ್ರ ಕಿತ್ತರೆ ಸಾಲದು, ಟೀವಿಗೆ ಹೋಗುವ ತಂತಿಯನ್ನೂ ಕೀಳಿ. ಡಿಶ್ಶಿನ ಕೇಬಲ್ಲಿನಿಂದ ಇಳಿದು ಟೀವಿಗೆ, ಅಲ್ಲಿಂದ ಕನ್ಸೋಲಿಗೆ ಹೋಗುವ ದಾರಿ ಅದು.

ಕರೆಂಟ್ ಮುಗಿಯಿತು ಅನ್ನುವಾಗ ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಜಪಾನಿನದ್ದು 60 ಹರ್ಟ್ಜ್, ನಮ್ಮದು 50, ಹಾಗಾದರೆ ಆಟ ನಿಧಾನ ಆಗುತ್ತದಾ? ಇಲ್ಲ. ಇಲ್ಲಿ ಎರಡು ಬೇರೆ ಬೇರೆ ಹರ್ಟ್ಜ್ ಇವೆ. ಗೋಡೆಯ ಕರೆಂಟಿನದ್ದು ಒಂದು, ತೆರೆಯ ಮೇಲೆ ಸೆಕೆಂಡಿಗೆ ಎಷ್ಟು ಚಿತ್ರ ಬೀಳುತ್ತದೆ ಅನ್ನುವುದು ಇನ್ನೊಂದು. ಎರಡನೆಯದನ್ನು ಕನ್ಸೋಲಿನೊಳಗಿನ ಹರಳು ಗಡಿಯಾರ ತಾನೇ ನಡೆಸುತ್ತದೆ, ಗೋಡೆಯನ್ನು ಕೇಳುವುದಿಲ್ಲ. ಜಪಾನಿನಲ್ಲೇ ನೋಡಿ. ಟೋಕಿಯೊ ಕಡೆ 50 ಹರ್ಟ್ಜ್, ಒಸಾಕಾ ಕಡೆ 60, ಯಾಕೆಂದರೆ 19ನೇ ಶತಮಾನದ ಕೊನೆಯಲ್ಲಿ ಟೋಕಿಯೊಗೆ ಜರ್ಮನಿಯ ಜನರೇಟರ್, ಒಸಾಕಾಗೆ ಅಮೆರಿಕದ್ದು ತರಿಸಿದರು, ಅದು ಇವತ್ತಿಗೂ ಹಾಗೇ ಉಳಿದಿದೆ. ಎರಡೂ ಕಡೆ ಅದೇ ಕನ್ಸೋಲ್, ಅದೇ ವೇಗ.

ಈಗ ಟೀವಿ. ಎಚ್‌ಡಿಎಂಐ ಇರುವ ಕನ್ಸೋಲ್ ಆದರೆ ಇಲ್ಲಿ ಬೇಗ ದಾಟಬಹುದು. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರಿಂದ ಈಚೆಗೆ ಆ ತಂತಿ ಎಲ್ಲ ದೇಶಕ್ಕೂ ಒಂದೇ. ಜಪಾನಿನದ್ದಾಗಲಿ ಅಮೆರಿಕದ್ದಾಗಲಿ, ನಮ್ಮ ಎಲ್‌ಇಡಿ ಟೀವಿಯಲ್ಲಿ ಚಿತ್ರ ಬರುತ್ತದೆ. ನಿಂಟೆಂಡೊ ಸ್ವಿಚ್ ಇದ್ದವರಿಗೆ ಒಂದೇ ಮಾತು. ಅದನ್ನು ಕೂರಿಸಿ ಟೀವಿಗೆ ಜೋಡಿಸುವ ಸ್ಟ್ಯಾಂಡಿಗೆ ಡಾಕ್ ಅನ್ನುತ್ತಾರೆ, ಅದಕ್ಕೆ 15 ವೋಲ್ಟ್ ಬೇಕು. ಮನೆಯ ಫೋನ್ ಚಾರ್ಜರ್ ತುದಿ ಕೂರುತ್ತದೆ, ಕನ್ಸೋಲ್ ನಿಧಾನವಾಗಿ ಚಾರ್ಜ್ ಕೂಡ ಆಗಬಹುದು, ಆದರೆ 15 ವೋಲ್ಟ್ ಕೊಡದ ಚಾರ್ಜರಿನಿಂದ ಟೀವಿಯಲ್ಲಿ ಚಿತ್ರ ಬರುವುದಿಲ್ಲ. ಟೀವಿ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಹೊರಡಬೇಡಿ. 2025ರಲ್ಲಿ ಬಂದ ಸ್ವಿಚ್ 2ಕ್ಕೆ ಹಳೆಯ ಸ್ವಿಚ್ಚಿನ ಅಡಾಪ್ಟರಿನಲ್ಲಿ ಡಾಕ್ ನಡೆಯುವುದಿಲ್ಲ. ಜೊತೆಗೆ ಜಪಾನಿನಲ್ಲಿ ಕಮ್ಮಿ ಬೆಲೆಗೆ ಮಾರುವ ಸ್ವಿಚ್ 2ರ ಮಾದರಿಯಲ್ಲಿ ಭಾಷೆ ಜಪಾನಿ ಒಂದೇ, ಬದಲಿಸಲು ಬರುವುದಿಲ್ಲ. ಅಲ್ಲಿಂದ ತರಿಸುವ ಮೊದಲು ಇದನ್ನು ಖಂಡಿತ ಕೇಳಿಕೊಳ್ಳಿ.

ಹಳದಿ ಬಿಳಿ ಕೆಂಪು ತಂತಿಯ ಕನ್ಸೋಲುಗಳಲ್ಲಿ ಕತೆ ಉದ್ದ. ನಮ್ಮಲ್ಲಿ 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟೀವಿ ಬಂದಾಗ ತೆಗೆದುಕೊಂಡದ್ದು ಪಾಲ್ ಪದ್ಧತಿ, ಜರ್ಮನಿಯಲ್ಲಿ ಹುಟ್ಟಿದ್ದು. ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 50 ಸಲ. ಜಪಾನ್, ಅಮೆರಿಕದಲ್ಲಿ ಎನ್‌ಟಿಎಸ್‌ಸಿ, 525 ಗೆರೆ, ಸೆಕೆಂಡಿಗೆ 60 ಸಲ. ಬಣ್ಣವನ್ನು ಚಿತ್ರದೊಳಗೆ ಬೆರೆಸುವ ರೀತಿಯೇ ಬೇರೆ. ಪಾಲ್ ಬಣ್ಣಕ್ಕೆ 4.43 ಮೆಗಾಹರ್ಟ್ಜ್, ಎನ್‌ಟಿಎಸ್‌ಸಿ ಬಣ್ಣಕ್ಕೆ 3.58. ಪಾಲ್ ಮಾತ್ರ ಗೊತ್ತಿರುವ ಹಳೆಯ ಡಬ್ಬ ಟೀವಿಗೆ ಜಪಾನಿನ ಕನ್ಸೋಲ್ ಸಿಕ್ಕಿಸಿದರೆ ಅದು 4.43ರ ಜಾಗದಲ್ಲಿ ಬಣ್ಣ ಹುಡುಕುತ್ತದೆ, ಸಿಗುವುದಿಲ್ಲ, ಕಪ್ಪು ಬಿಳುಪಿನಲ್ಲೇ ತೋರಿಸುತ್ತದೆ. ಕೆಲವದರಲ್ಲಿ ಚಿತ್ರ ಮೇಲಿಂದ ಕೆಳಗೆ ಉರುಳುತ್ತದೆ, ಟೀವಿಯ ಹಿಂದಿರುವ ವಿ-ಹೋಲ್ಡ್ ತಿರುಪನ್ನು ತಿರುಗಿಸಿದರೆ ನಿಲ್ಲಬಹುದು. ಕನ್ಸೋಲ್ ಕೆಟ್ಟಿಲ್ಲ, ಟೀವಿಯೂ ಕೆಟ್ಟಿಲ್ಲ.

ಈಗಿನ ಟೀವಿಗಳಿಗೆ ಸಾಮಾನ್ಯವಾಗಿ ಎರಡೂ ಗೊತ್ತು. ಆದರೂ ಬಣ್ಣ ಬರದಿದ್ದರೆ ಮೆನುವಿನಲ್ಲಿ ಕಲರ್ ಸಿಸ್ಟಮ್ ಅಂತ ಇರುವಲ್ಲಿ ಹೋಗಿ ಆಟೋ ತೆಗೆದು ಎನ್‌ಟಿಎಸ್‌ಸಿ 3.58 ಇಡಿ. ನನ್ನ ಟೀವಿಯಲ್ಲಿ ಹೀಗೇ ಬಂತು. ಇನ್ನೊಂದು ತೊಡಕು ತಂತಿಯದ್ದು. ಹೊಸ ಟೀವಿಗಳಲ್ಲಿ ಮೂರು ಬಣ್ಣದ ತೂತಿನ ಬದಲು ಹೆಡ್‌ಫೋನ್ ತರಹದ ಒಂದೇ ತೂತು ಇರುತ್ತದೆ. ಅದಕ್ಕೆ ಬರುವ ತಂತಿಗಳೆಲ್ಲ ನೋಡಲು ಒಂದೇ, ಆದರೆ ಯಾವ ಉಂಗುರದಲ್ಲಿ ಚಿತ್ರ, ಯಾವುದರಲ್ಲಿ ಶಬ್ದ ಅನ್ನುವುದು ಒಬ್ಬೊಬ್ಬರದ್ದು ಒಂದೊಂದು. ಬೇರೆಯದ್ದು ಹಾಕಿದರೆ ಸ್ಪೀಕರಿನಲ್ಲಿ ಬರೀ ಗೊರಗೊರ, ತೆರೆ ಕಪ್ಪು. ಟೀವಿ ಪೆಟ್ಟಿಗೆಯಲ್ಲಿ ಬಂದ ತಂತಿಯನ್ನು ಎಸೆಯಬೇಡಿ.

1983ರ ಮೊದಲ ಫ್ಯಾಮಿಕಾಮ್ ಕತೆ ಇನ್ನೂ ಬೇರೆ. ಅದಕ್ಕೆ ಹಳದಿ ತೂತೇ ಇಲ್ಲ, ಆಂಟೆನಾ ತಂತಿಯಲ್ಲಿ ಟೀವಿ ಚಾನೆಲ್ಲಿನ ಹಾಗೆ ಚಿತ್ರ ಕಳಿಸುತ್ತದೆ. ಅದು ಬಳಸುವ ಜಪಾನಿನ ಒಂದು, ಎರಡನೇ ಚಾನೆಲ್ಲುಗಳು 90ರಿಂದ 102 ಮೆಗಾಹರ್ಟ್ಜ್ ನಡುವೆ ಬರುತ್ತಿದ್ದವು. ನಮ್ಮಲ್ಲಿ ಆ ಜಾಗ ಎಫ್‌ಎಂ ರೇಡಿಯೊದ್ದು! ದೂರದರ್ಶನದ ಕಾಲದ ಟೀವಿ ಅಲ್ಲಿ ಹುಡುಕುವುದೇ ಇಲ್ಲ. ಹೇಗೋ ಚಿತ್ರ ಸಿಕ್ಕರೂ ಶಬ್ದ ಬರುವುದು ಕಷ್ಟ, ಚಿತ್ರಕ್ಕೂ ಶಬ್ದಕ್ಕೂ ನಡುವೆ ಅಲ್ಲಿ 4.5 ಮೆಗಾಹರ್ಟ್ಜ್ ಅಂತರ, ನಮ್ಮಲ್ಲಿ 5.5. ಫ್ಯಾಮಿಕಾಮ್ ಬೇಕೇ ಬೇಕು ಅನ್ನುವವರು 1993ರಲ್ಲಿ ಬಂದ ಹೊಸ ಮಾದರಿ ತರಿಸಿ, ಅದರಲ್ಲಿ ಎವಿ, ಅಂದರೆ ಹಳದಿ ತಂತಿಯ ದಾರಿ ಇದೆ. ನಾವು ಚಿಕ್ಕಂದಿನಲ್ಲಿ ಟೀವಿ ಗೇಮ್ ಅಂತ ಆಡುತ್ತಿದ್ದ ನಕಲಿ ಮೆಷಿನ್ನಿನ ಕ್ಯಾಸೆಟ್‌ಗಳು, ಆ 9999 ಇನ್ 1 ಅಂತ ಬರೆದವು, ಫ್ಯಾಮಿಕಾಮಿನ ಅದೇ 60 ಪಿನ್ನಿನವು. ಅಟ್ಟದಲ್ಲಿ ಉಳಿದಿದ್ದರೆ ಇಳಿಸಿ ನೋಡಿ.

ಯುರೋಪಿನ ಕನ್ಸೋಲ್ ತರಿಸಿದರೆ ಈ ತಲೆನೋವೇ ಇಲ್ವಲ್ಲ ಅಂತ ನನಗೂ ಅನಿಸಿತ್ತು. ನಿಜ, ಕರೆಂಟ್ ಹೊಂದುತ್ತದೆ, ಪಾಲ್ ಹೊಂದುತ್ತದೆ. ಆದರೆ 60ಕ್ಕೆ ಮಾಡಿದ ಆಟವನ್ನು ಸುಮ್ನೆ 50ರಲ್ಲಿ ಓಡಿಸಿ ಮಾರಿದ್ದು ಆ ಕಾಲದಲ್ಲಿ ಜಾಸ್ತಿ. ಜಪಾನಿನಲ್ಲಿ 60 ಸೆಕೆಂಡಿನಲ್ಲಿ ಮುಗಿಯುವ ಓಟ ಅಲ್ಲಿ 72 ಸೆಕೆಂಡ್. ಹಾಡು ಕೂಡ ಎಳೆದ ಹಾಗೆ ಕೇಳುತ್ತದೆ, ತೆರೆಯ ಮೇಲೆ ಕೆಳಗೆ ಕಪ್ಪು ಪಟ್ಟಿ. ಹಾಗಾಗಿ ಹಳೆಯ ಕನ್ಸೋಲುಗಳ ಮಟ್ಟಿಗೆ ನಾನು ಜಪಾನಿನದ್ದನ್ನೇ ಆರಿಸುತ್ತೇನೆ, ಅಡಾಪ್ಟರಿನ ಕಷ್ಟ ಸೇರಿಸಿಕೊಂಡೇ.

ಬಣ್ಣ ಬಂದಮೇಲೂ ಎಲ್‌ಇಡಿ ಟೀವಿಯಲ್ಲಿ ಹಳೆಯ ಆಟ ಸರಿ ಕಾಣದಿರಲು ಇನ್ನೊಂದು ಕಾರಣ ಇದೆ. ಟೀವಿ ಕಾರ್ಯಕ್ರಮದಲ್ಲಿ ಒಂದು ಸಲ ಬೆಸ ಗೆರೆ, ಮುಂದಿನ ಸಲ ಸರಿ ಗೆರೆ ಬರುತ್ತವೆ, ಎರಡೂ ಹೆಣೆದು ಒಂದು ಚಿತ್ರ. ಹಳೆಯ ಕನ್ಸೋಲುಗಳು ಪ್ರತಿ ಸಲವೂ ಒಂದೇ ಜಾಗದ ಗೆರೆಗಳನ್ನು ಕಳಿಸುತ್ತವೆ, 240 ಗೆರೆಯ ಪೂರ್ತಿ ಚಿತ್ರ, ಸೆಕೆಂಡಿಗೆ 60. ಎಷ್ಟೋ ಹೊಸ ಟೀವಿಗಳು ಇದನ್ನು ತಿಳಿಯದೆ ಎರಡೆರಡನ್ನು ಸೇರಿಸಿ ಹೆಣೆಯಲು ನೋಡುತ್ತವೆ. ಓಡುವ ಬೊಂಬೆಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ. ಮಿನುಗಿಸಿ ತೋರಿಸುವ ನೆರಳು ಮಾಯವೇ ಆಗಬಹುದು. ಹೆಣೆಯಲು ಹೊತ್ತು ಹಿಡಿಯುವುದರಿಂದ ಬಟನ್ ಒತ್ತಿದ ಮೇಲೆ ಬೊಂಬೆ ಹಾರುವುದು ತಡ. ಗೇಮ್ ಮೋಡ್ ಹಾಕಿದರೆ ತಡ ಸ್ವಲ್ಪ ಕಮ್ಮಿಯಾಗುತ್ತದೆ. ಎವಿಯಿಂದ ಎಚ್‌ಡಿಎಂಐ ಮಾಡುವ ಅಗ್ಗದ ಚಿಕ್ಕ ಡಬ್ಬಿಗಳೂ ಇದೇ ತಪ್ಪು ಮಾಡುತ್ತವೆ. 240 ಗೆರೆಯನ್ನು ಸರಿಯಾಗಿ ಗುರುತಿಸಲೆಂದೇ ಮಾಡಿದ ರೆಟ್ರೊಟಿಂಕ್, ಒಎಸ್‌ಎಸ್‌ಸಿ ಅನ್ನುವ ಡಬ್ಬಿಗಳಿವೆ, ಚೆನ್ನಾಗಿವೆ, ಬೆಲೆ ಜಾಸ್ತಿ. ಒಎಸ್‌ಎಸ್‌ಸಿ ಕೊಳ್ಳುವವರು ಒಂದು ನೆನಪಿಡಿ: ಕೆಂಪು ಹಸಿರು ನೀಲಿಯನ್ನು ಬೇರೆ ಬೇರೆ ಕಳಿಸುವ ಜಪಾನಿನ 21 ಪಿನ್ನಿನ ಆರ್‌ಜಿಬಿ ತಂತಿಯೂ ಯುರೋಪಿನ ಸ್ಕಾರ್ಟ್ ತಂತಿಯೂ ಆಕಾರದಲ್ಲಿ ಒಂದೇ, ಒಳಗಿನ ಜೋಡಣೆ ಬೇರೆ. ಅದೂ ಕೂರುತ್ತದೆ, ಹೊಂದುವುದಿಲ್ಲ, ಮೆಷಿನ್ ಹಾಳಾಗಬಹುದು.

ಮನೆಯಲ್ಲಿ ಎರಡೂ ಪದ್ಧತಿ ಗೊತ್ತಿರುವ ಡಬ್ಬ ಟೀವಿ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ, ದಯವಿಟ್ಟು. ಈ ಆಟಗಳನ್ನು ಮಾಡಿದ್ದೇ ಆ ಗಾಜಿಗಾಗಿ. ತಡ ಇಲ್ಲ, ಹೆಣಿಗೆ ಇಲ್ಲ. ನನ್ನದು ಈಗ ಓಡುತ್ತಿರುವುದು ಅತ್ತೆ ಮನೆಯಿಂದ ತಂದ ಅಂಥ ಟೀವಿಯಲ್ಲೇ.

ಕೊನೆಗೆ ಥಂಡಿ. ಕಕ್ಕಡದ ಮಳೆಯಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಬರುವ ಊರು ನಮ್ಮದು, ಕನ್ಸೋಲನ್ನು ಬಿಡುತ್ತದಾ? ಕ್ಯಾಸೆಟ್ಟಿನ ಪಿನ್ ಹಸಿರಾಗುತ್ತದೆ, ಸಿಡಿ ಓದುವ ಕಣ್ಣಿಗೆ ಮಬ್ಬು ಹಿಡಿಯುತ್ತದೆ. ಮುಚ್ಚಳ ಬಿಗಿ ಇರುವ ಡಬ್ಬಿ, ಒಳಗೆ ಸಿಲಿಕಾ ಜೆಲ್, ಆ ಜೆಲ್ಲನ್ನು ತಿಂಗಳಿಗೊಮ್ಮೆ ಬಿಸಿ ಮಾಡಿ ಒಣಗಿಸುವುದು. ಪಿನ್ನುಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿಕಡ್ಡಿ. ಬಾಯಲ್ಲಿ ಊದುವುದು ಬೇಡ, ಉಗುಳಿನ ತೇವದಿಂದ ಪಿನ್ ಇನ್ನೂ ಬೇಗ ಹಾಳಾಗುತ್ತದೆ.

ಹೋದ ತಿಂಗಳು ಒಸಾಕಾದಿಂದ ಹುಡುಗನ ಫೋನ್. "ಮಾವ, ಇಲ್ಲೊಂದು ವೀ ಕಮ್ಮಿ ರೇಟಿಗೆ ಉಂಟು, ತರ್ಲಾ?" ಅಂದ. ಲೇಬಲ್ಲಿನ ಫೋಟೋ ಕಳಿಸು ಅಂದೆ. ಮೊದಲ ಸಾಲು 100 ವೋಲ್ಟ್, ಎರಡನೇ ಸಾಲು 12 ವೋಲ್ಟ್ 3.7 ಆಂಪಿಯರ್. ಹಿಂದೆ ಎವಿ ತೂತು ಇದೆ, ತಂತಿಯೂ ಜೊತೆಗಿದೆ. "ಮೆಷಿನ್ ಮಾತ್ರ ತಾ ಮಗ, ಅಡಾಪ್ಟರ್ ಅಲ್ಲೇ ಇರಲಿ" ಅಂದೆ.